ಎಂಟಕ್ಕೆ ಎಂಟೂ ಸೋತ ವ್ಲಾದಿಮೀರ್ ವೈಸ್ ಅವರನ್ನು ದೊಡ್ಡ ಕೋಚ್ ಅಂತ ಯಾಕೆ ಹೇಳ್ತಾರೆ?

ಬೆಂಚ್ ಮೇಲಿನವನು ಕೇಳಿದ್ದು:

ನಾನು ಮಿಲಾನ್ ಅಭಿಮಾನಿ. 2024ರ ನವೆಂಬರ್ 26ರಂದು ಮಿಲಾನ್ ತಂಡ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಸ್ಲೋವಾಕಿಯಾದ ಬ್ರಾಟಿಸ್ಲಾವಾಕ್ಕೆ ಹೋಗಿತ್ತು. ಎದುರಾಳಿ ಅಲ್ಲಿನ ಕ್ಲಬ್ ಸ್ಲೋವಾನ್. ಸುಲಭದ ಮ್ಯಾಚ್ ಅಂದುಕೊಂಡು ಕೂತಿದ್ದೆ. ಗೆದ್ದಿದ್ದು 3-2ರಲ್ಲಿ, ಅದೂ ಕೊನೆಯಲ್ಲಿ ಉಗುರು ಕಚ್ಚಿಕೊಂಡು. ಆ ಸ್ಲೋವಾನ್ ಕೋಚ್ ವೈಸ್ ಸೈಡ್‌ಲೈನ್‌ನಲ್ಲಿ ಒಂದು ಕ್ಷಣವೂ ಸುಮ್ಮನೆ ನಿಲ್ಲಲಿಲ್ಲ. 2010ರ ವಿಶ್ವಕಪ್‌ನಲ್ಲಿ ಇಟಲಿಯನ್ನು ಮನೆಗೆ ಕಳಿಸಿದ್ದು ಇದೇ ಮನುಷ್ಯ ಅಂತ ಕಾಮೆಂಟೇಟರ್ ಹೇಳಿದಾಗ ಕಿವಿ ನೆಟ್ಟಗಾಯಿತು.

ಆಮೇಲೆ ಹುಡುಕಿ ನೋಡಿದೆ. ಆ ಸೀಸನ್‌ನ ಲೀಗ್ ಹಂತದಲ್ಲಿ ಸ್ಲೋವಾನ್ ಆಡಿದ್ದು 8, ಸೋತಿದ್ದೂ 8. ಹೊಡೆದ ಗೋಲು 7, ತಿಂದಿದ್ದು 27. ಆದರೂ ಸ್ಲೋವಾಕಿಯಾದ ಫುಟ್ಬಾಲ್ ಬಗ್ಗೆ ಓದಿದಲ್ಲೆಲ್ಲ ಈ ವೈಸ್ ಹೆಸರು ಗೌರವದಿಂದಲೇ ಬರುತ್ತದೆ. ನನ್ನ ಪ್ರಶ್ನೆ ನೇರ. ಇವರು ನಿಜಕ್ಕೂ ಒಳ್ಳೆಯ ಕೋಚಾ, ಇಲ್ಲ 2010ರ ಒಂದು ಮಧ್ಯಾಹ್ನದ ಅದೃಷ್ಟವನ್ನು ಇಷ್ಟು ವರ್ಷ ಉಣ್ಣುತ್ತಿದ್ದಾರಾ?

ಇನ್ನೊಂದು ಗೊಂದಲ. ವ್ಲಾದಿಮೀರ್ ವೈಸ್ ಅಂತ ಹುಡುಕಿದರೆ ಮೂರು ಜನ ಸಿಗುತ್ತಾರೆ. ಯಾರು ಯಾರು ಅಂತ ಬಿಡಿಸಿ ಹೇಳುವವರಿದ್ದರೆ ಪುಣ್ಯ ಬರುತ್ತದೆ.

ಸೇತುವೆ ಆಚೆಯವ ಬರೆದದ್ದು:

ಈ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಕೆಲಸದ ನೆಪದಲ್ಲಿ ಬ್ರಾಟಿಸ್ಲಾವಾಕ್ಕೆ ಬಂದು ಎಂಟು ವರ್ಷ ಆಯಿತು. ಇರುವುದು ಪೆಟ್ರಜಾಲ್ಕಾದಲ್ಲಿ. ಡ್ಯಾನ್ಯೂಬ್ ನದಿಯ ಆಚೆ ದಡ. ಕಮ್ಯುನಿಸ್ಟ್ ಕಾಲದ ಕಾಂಕ್ರೀಟ್ ಫ್ಲ್ಯಾಟುಗಳು ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಸಾಲಾಗಿ ನಿಂತಿರುವ ಜಾಗ. ವೈಸ್ ಕತೆ ಶುರುವಾಗುವುದು ಇಟಲಿ ಪಂದ್ಯದಿಂದ ಅಲ್ಲ, ಇಲ್ಲಿಂದ.

ಮೊದಲು ಮೂರು ಜನರ ಲೆಕ್ಕ ಮುಗಿಸುತ್ತೇನೆ. ಅಜ್ಜ, ಅಪ್ಪ, ಮಗ, ಮೂವರಿಗೂ ಒಂದೇ ಹೆಸರು. ನೀವು ಕೇಳುತ್ತಿರುವುದು ಅಪ್ಪನ ಬಗ್ಗೆ, ಅಂದರೆ ನಡುವಿನವರು. ಅಜ್ಜ ಡಿಫೆಂಡರ್. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾಕ್ಕೆ ಬೆಳ್ಳಿ ಗೆದ್ದವರು. ಫೈನಲ್‌ನಲ್ಲಿ ಹಂಗೇರಿ ವಿರುದ್ಧ 2-1ರಲ್ಲಿ ಸೋತರು. ಹಂಗೇರಿಯ ಮೊದಲ ಗೋಲು ಈ ಅಜ್ಜನ ಕಾಲಿಂದಲೇ ತಮ್ಮದೇ ಬಲೆಗೆ ಬಿದ್ದದ್ದು. ಆ ಫೈನಲ್ ನಡೆದದ್ದು ಅಕ್ಟೋಬರ್ 23ಕ್ಕೆ. ಈ ನಮ್ಮ ಕೋಚ್ ಹುಟ್ಟಿದ್ದು ಸೆಪ್ಟೆಂಬರ್ 22ಕ್ಕೆ. ಮಗು ಹುಟ್ಟಿ ಒಂದು ತಿಂಗಳು, ಅಪ್ಪ ಜಗತ್ತಿನ ಇನ್ನೊಂದು ತುದಿಯಲ್ಲಿ ಬೆಳ್ಳಿ ಪದಕ ಮತ್ತು ಆ ಗೋಲು ಎರಡನ್ನೂ ಹೊತ್ತುಕೊಂಡು ಬಂದರು. ಸುಮ್ನೆ ಯೋಚಿಸಿ ನೋಡಿ.

ನಡುವಿನ ವೈಸ್ ಮಿಡ್‌ಫೀಲ್ಡರ್. ಇಂಟರ್ ಬ್ರಾಟಿಸ್ಲಾವಾದಲ್ಲಿ ಬೆಳೆದು, ಸ್ಪಾರ್ಟಾ ಪ್ರಾಗ್‌ನಲ್ಲೂ ಆಡಿದರು. 1990ರ ವಿಶ್ವಕಪ್‌ಗೆ ಹೋದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದರು. 1993ರಲ್ಲಿ ದೇಶ ಎರಡಾದ ಮೇಲೆ ಸ್ಲೋವಾಕಿಯಾ ಪರವೂ ಆಡಿದರು. ಒಳ್ಳೆಯ ಆಟಗಾರ, ಆದರೆ ಇತಿಹಾಸ ನೆನಪಿಟ್ಟುಕೊಳ್ಳುವಂಥ ಆಟಗಾರ ಅಲ್ಲ. ಆಟದ ಕೊನೆಗೆ ಬಂದು ನಿಂತದ್ದು ಆರ್ಟ್‌ಮೀಡಿಯಾ ಪೆಟ್ರಜಾಲ್ಕಾ ಅನ್ನುವ ಕ್ಲಬ್‌ನಲ್ಲಿ. ಅಲ್ಲೇ 2000ದಲ್ಲಿ ಕೋಚ್ ಆದರು.

ಈ ಕ್ಲಬ್ ಎಷ್ಟು ಚಿಕ್ಕದು ಅಂತ ಗೊತ್ತಾಗದಿದ್ದರೆ ಉಳಿದದ್ದು ಅರ್ಥ ಆಗುವುದಿಲ್ಲ. ಬ್ರಾಟಿಸ್ಲಾವಾದಲ್ಲಿ ಫುಟ್ಬಾಲ್ ಅಂದರೆ ಸ್ಲೋವಾನ್, ಆಮೇಲೆ ಇಂಟರ್. ನದಿ ದಾಟಿದ ಮೇಲೆ ಇರುವ ಈ ಕ್ಲಬ್ ಯಾರ ಲೆಕ್ಕಕ್ಕೂ ಇರಲಿಲ್ಲ. ಯುರೋಪಿನ ಪಂದ್ಯ ನಡೆಸುವಷ್ಟು ಮೈದಾನವೂ ಸ್ವಂತಕ್ಕೆ ಇರಲಿಲ್ಲ. ಅದಕ್ಕೂ ಸ್ಲೋವಾನ್‌ನ ಮೈದಾನ ತೆಹೆಲ್ನೆ ಪೋಲೆಗೇ ಹೋಗಬೇಕಿತ್ತು. ವೈಸ್ ಇಂಥ ಕ್ಲಬ್ಬಿಗೆ 2004ರಲ್ಲಿ ಕಪ್, 2005ರಲ್ಲಿ ಲೀಗ್ ಗೆದ್ದುಕೊಟ್ಟರು.

ಆಮೇಲೆ ಆ 2005ರ ಬೇಸಿಗೆ. ಚಾಂಪಿಯನ್ಸ್ ಲೀಗ್ ಕ್ವಾಲಿಫೈಯರ್, ಮೊದಲ ಎದುರಾಳಿ ಕಜಕಸ್ತಾನದ ಕೈರಾತ್. ಅಲ್ಮಾಟಿಯಲ್ಲಿ 2-0 ಸೋಲು. ಮನೆಯಲ್ಲಿ ಎಕ್ಸ್‌ಟ್ರಾ ಟೈಮ್‌ವರೆಗೆ ಎಳೆದು 4-1. ಹೇಗೋ ಬಚಾವಾದರು. (ಕೈರಾತ್ ಹೆಸರು ನೆನಪಿರಲಿ, ಮುಂದೆ ಬರುತ್ತದೆ.) ಮುಂದಿನ ಎದುರಾಳಿ ಸ್ಕಾಟ್ಲೆಂಡಿನ ಸೆಲ್ಟಿಕ್. ಗಾರ್ಡನ್ ಸ್ಟ್ರಾಕನ್ ಸೆಲ್ಟಿಕ್ ಕೋಚ್ ಆದ ಮೇಲೆ ಅದೇ ಅವರ ಮೊದಲ ಅಧಿಕೃತ ಪಂದ್ಯ. ಜುಲೈ 27. ಆರ್ಟ್‌ಮೀಡಿಯಾ 5, ಸೆಲ್ಟಿಕ್ 0. ಯುರಾಯ್ ಹಲೆನಾರ್ ಒಬ್ಬನೇ ಮೂರು ಹೊಡೆದ.

ನನ್ನ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಆ ರಾತ್ರಿ ಗ್ಯಾಲರಿಯಲ್ಲಿದ್ದರು. ಅವರು ಸ್ಲೋವಾನ್ ಅಭಿಮಾನಿ, ಹೋಗಿದ್ದು ಸೆಲ್ಟಿಕ್ ನೋಡಲು. ಮೂರನೇ ಗೋಲು ಬಿದ್ದಾಗ ನಗು ಬಂತಂತೆ, ನಾಲ್ಕನೆಯದಕ್ಕೆ ಭಯ ಆಯಿತಂತೆ. ಯಾಕೆ ಭಯ ಅಂತ ಕೇಳಿದೆ. 'ನಮ್ಮವರು ಇಂಥದ್ದನ್ನು ಮಾಡಿದಾಗ ಮುಂದಿನ ವಾರ ಏನೋ ಕಾದಿರುತ್ತದೆ' ಅಂದರು. ಅವರ ಮಾತು ಸುಳ್ಳಾಗಲಿಲ್ಲ. ಗ್ಲಾಸ್ಗೋದಲ್ಲಿ 4-0 ಸೋತರು. ಇನ್ನೊಂದೇ ಒಂದು ಗೋಲು ತಿಂದಿದ್ದರೆ ಕತೆ ಎಕ್ಸ್‌ಟ್ರಾ ಟೈಮ್‌ಗೆ ಹೋಗುತ್ತಿತ್ತು. ತಿನ್ನಲಿಲ್ಲ. ಆಮೇಲೆ ಪಾರ್ಟಿಜಾನ್ ಬೆಲ್‌ಗ್ರೇಡ್ ವಿರುದ್ಧ ಎರಡೂ ಪಂದ್ಯ 0-0, ಪೆನಾಲ್ಟಿ ಶೂಟೌಟ್‌ನಲ್ಲಿ 4-3. ಗ್ರೂಪ್ ಹಂತಕ್ಕೆ ಬಂದೇ ಬಿಟ್ಟರು.

ಗ್ರೂಪ್‌ನಲ್ಲಿ ಇಟಲಿಯ ಇಂಟರ್ ಮಿಲಾನ್, ಸ್ಕಾಟ್ಲೆಂಡಿನ ರೇಂಜರ್ಸ್, ಪೋರ್ಚುಗಲ್‌ನ ಪೋರ್ಟೊ. ಪೋರ್ಟೊ ಒಂದು ವರ್ಷದ ಹಿಂದಷ್ಟೇ ಯುರೋಪಿನ ಚಾಂಪಿಯನ್ ಆಗಿದ್ದ ತಂಡ. ಅವರ ಮನೆಯಲ್ಲೇ 2-0 ಹಿಂದೆ ಬಿದ್ದು, ಹಾಫ್ ಟೈಮ್‌ಗೆ ಮುಂಚೆ ಪೇಟರ್ ಪೆತ್ರಾಶ್ ಒಂದು ಹೊಡೆದ, ಆಮೇಲೆ ಯಾನ್ ಕೊಜಾಕ್, ಆಮೇಲೆ ಬಲಾಜ್ ಬೊರ್ಬೆಲಿ. 3-2. ರೇಂಜರ್ಸ್ ಜೊತೆ ಎರಡೂ ಡ್ರಾ. ಕೊನೆಯ ಪಂದ್ಯ ಮನೆಯಲ್ಲಿ ಮತ್ತೆ ಪೋರ್ಟೊ ಜೊತೆ, 0-0. ಒಟ್ಟು 6 ಪಾಯಿಂಟ್. ರೇಂಜರ್ಸ್ 7. ಆ ರಾತ್ರಿ ಒಂದು ಗೋಲು ಬಿದ್ದಿದ್ದರೆ ಈ ನದಿಯಾಚೆಯ ಕ್ಲಬ್ ಕೊನೆಯ ಹದಿನಾರರಲ್ಲಿರುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ. ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತ ಮುಟ್ಟಿದ ಸ್ಲೋವಾಕ್ ಕ್ಲಬ್‌ಗಳನ್ನು ಸಾಲಾಗಿ ಬರೆಯಿರಿ. 1997ರಲ್ಲಿ ಕೊಶಿತ್ಸೆ: ಆರಕ್ಕೆ ಆರೂ ಸೋಲು. 2010ರಲ್ಲಿ ಜಿಲಿನಾ: ಆರಕ್ಕೆ ಆರೂ ಸೋಲು. 2024ರಲ್ಲಿ ಸ್ಲೋವಾನ್: ಎಂಟಕ್ಕೆ ಎಂಟೂ ಸೋಲು. ನಡುವೆ 2005ರಲ್ಲಿ ಆರ್ಟ್‌ಮೀಡಿಯಾ: 6 ಪಾಯಿಂಟ್. ಅಂದರೆ ಈ ಇಪ್ಪತ್ತು ಪಂದ್ಯಗಳ ಸೋಲಿನ ಪಟ್ಟಿಯ ನಡುವೆ ಇರುವ ಒಂದೇ ಒಂದು ಗೆಲುವು ಮತ್ತು ಮೂರು ಡ್ರಾ ವೈಸ್ ಅವರದ್ದು. ನೀವು ಎಂಟು ಸೋಲನ್ನು ಅವರ ವಿರುದ್ಧ ಸಾಕ್ಷಿ ಅಂತ ತಂದಿದ್ದೀರಿ. ಇಲ್ಲಿಯವರಿಗೆ ಅದು ಸಾಮಾನ್ಯ ಸ್ಥಿತಿ. ವಿಚಿತ್ರ ಅನ್ನಿಸುವುದು ಆ ಆರು ಪಾಯಿಂಟು.

ಒಂದು ಕಹಿ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಆರ್ಟ್‌ಮೀಡಿಯಾ ಈಗ ಇಲ್ಲ. 2008ರಲ್ಲಿ ವೈಸ್ ವಾಪಸ್ ಬಂದು ಲೀಗ್, ಕಪ್ ಎರಡನ್ನೂ ಗೆದ್ದುಕೊಟ್ಟಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಕ್ಲಬ್ ಮೊದಲ ದರ್ಜೆಯಿಂದಲೇ ಕೆಳಗೆ ಬಿತ್ತು. ಹಳೆ ಸೇತುವೆ ಪಕ್ಕದಲ್ಲಿದ್ದ ಅವರ ಮೈದಾನವನ್ನೂ ಕೆಡವಿದರು. ನಾನು ದಿನಾ ಟ್ರ್ಯಾಮ್‌ನಲ್ಲಿ ಆ ಜಾಗ ದಾಟಿ ಹೋಗುತ್ತೇನೆ. ಮೂರು ಗೋಲಿನ ಹಲೆನಾರ್ 2018ರಲ್ಲಿ, 35ನೇ ವಯಸ್ಸಿಗೆ, ತೀರಿಕೊಂಡ.

ಆಫ್‌ಸೈಡ್ ಬಾವುಟ ಬರೆದದ್ದು:

ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ಅಭಿಮಾನ ಸ್ವಲ್ಪ ಜಾಸ್ತಿ ಆಯಿತು. ಬಾವುಟ ಎತ್ತುವುದು ನನ್ನ ಕೆಲಸ, ಹಾಗಾಗಿ ಎತ್ತುತ್ತೇನೆ.

ಒಂದು, 2010ರ ವಿಶ್ವಕಪ್ ಅರ್ಹತೆ. ಆಗ ವೈಸ್ ಸ್ಲೋವಾಕಿಯಾ ರಾಷ್ಟ್ರೀಯ ತಂಡದ ಕೋಚ್. 2009ರ ಅಕ್ಟೋಬರ್ 10ರಂದು ಮನೆಯಲ್ಲಿ ಒಂದು ಗೆಲುವು ಸಾಕಿತ್ತು. ಸ್ಲೊವೇನಿಯಾ ವಿರುದ್ಧ 2-0 ಸೋತರು. ನಾಲ್ಕು ದಿನ ಬಿಟ್ಟು ಪೋಲೆಂಡಿನ ಹೋಝುವ್‌ನಲ್ಲಿ ಹಿಮ ಸುರಿಯುವಾಗ 1-0 ಗೆದ್ದರು. ಆ ಒಂದು ಗೋಲು ಹೊಡೆದದ್ದು ಯಾರು? ಪೋಲೆಂಡಿನ ಡಿಫೆಂಡರ್, ತನ್ನದೇ ಬಲೆಗೆ, ಮೂರನೇ ನಿಮಿಷಕ್ಕೆ. ಅಜ್ಜ ಕಳೆದುಕೊಂಡದ್ದು ಮಗನಿಗೆ ಬಡ್ಡಿ ಸಮೇತ ಬಂತು ಅನ್ನಿ.

ಎರಡು, ವಿಶ್ವಕಪ್ ಮುಗಿದ ಮೇಲೆ. ಯುರೋಪಿನ ದೇಶಗಳ ಕಪ್ ಯೂರೋ 2012ರ ಅರ್ಹತೆಯಲ್ಲಿ ಮಾಸ್ಕೋಗೆ ಹೋಗಿ ರಷ್ಯಾವನ್ನು 1-0 ಸೋಲಿಸಿದರು, ಸರಿ. ಆಮೇಲೆ ಅರ್ಮೇನಿಯಾ ಎದುರು ಹೊರಗೆ 3-1, ಜಿಲಿನಾದಲ್ಲಿ ಮನೆ ಜನರ ಮುಂದೆ 4-0 ಸೋಲು. 4-0! ಹಿಂದಿನ ವರ್ಷ ಇಟಲಿಯನ್ನು ಸೋಲಿಸಿದ ತಂಡ ಅದು. 2012ರ ಜನವರಿಗೆ ಅವರ ಕೆಲಸ ಮುಗಿಯಿತು.

ಮೂರು, ಸ್ಲೋವಾನ್. 2022ರಿಂದ 2025ರವರೆಗೆ ಸತತ ನಾಲ್ಕು ಲೀಗ್ ಗೆದ್ದರು ಅಂತ ಹೊಗಳುತ್ತಾರೆ. ಅವರು ಬರುವ ಮುಂಚೆಯೇ ಸ್ಲೋವಾನ್ ಸತತ ಮೂರು ಗೆದ್ದಿತ್ತು. ಆ ಲೀಗ್‌ನಲ್ಲಿ ದುಡ್ಡಿರುವ ಕ್ಲಬ್ ಅದು. ಓಡುವ ಕುದುರೆ ಮೇಲೆ ಕೂತು ನಾನೇ ಓಡಿಸಿದೆ ಅನ್ನುವುದು ಸುಲಭ ಅಲ್ವಾ?

ಸೇತುವೆ ಆಚೆಯವ ಬರೆದದ್ದು:

ಬಾವುಟ ಸಾಹೇಬರೇ, ಎರಡನೆಯ ಮತ್ತು ಮೂರನೆಯ ಮಾತು ಒಪ್ಪಿದೆ. ಅರ್ಮೇನಿಯಾ ಪಂದ್ಯದ ಬಗ್ಗೆ ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸ್ಲೋವಾನ್ ಲೀಗ್ ಗೆಲ್ಲುವುದರಲ್ಲಿ ನನಗೂ ದೊಡ್ಡದೇನೂ ಕಾಣಿಸುವುದಿಲ್ಲ. ಆದರೆ ಮೊದಲನೆಯದನ್ನು ಒಪ್ಪುವುದಿಲ್ಲ. ಮೂರನೇ ನಿಮಿಷಕ್ಕೆ ಉಡುಗೊರೆ ಸಿಕ್ಕಿತು ನಿಜ. ಉಳಿದ ಎಂಬತ್ತೇಳು ನಿಮಿಷ ಆ ಹಿಮದಲ್ಲಿ ಅದನ್ನು ಕಾಯ್ದುಕೊಂಡದ್ದು ಯಾರು? ಅದೇ ಗ್ರೂಪ್‌ನಲ್ಲಿ ಪ್ರಾಗ್‌ಗೆ ಹೋಗಿ ಚೆಕ್ ತಂಡವನ್ನು 2-1 ಸೋಲಿಸಿದ್ದನ್ನು ನೀವು ಬಿಟ್ಟಿರಿ. ಒಂದೇ ದೇಶವಾಗಿದ್ದವರು ಅವರು. ಇಲ್ಲಿನ ಜನಕ್ಕೆ ಆ ಗೆಲುವು ಇಟಲಿ ಗೆಲುವಿಗಿಂತ ಒಂದು ಕೈ ಮೇಲೆಯೇ ಇರಬಹುದು. ಆ ಗ್ರೂಪ್‌ನಲ್ಲಿ ಮೊದಲ ಸ್ಥಾನ ಬಂದದ್ದು ಸ್ಲೋವಾಕಿಯಾಕ್ಕೆ, ಮನೆಯಲ್ಲಿ ಕೂತದ್ದು ಚೆಕ್ ಮತ್ತು ಪೋಲೆಂಡ್.

ಈಗ ನಾನು ನಿಜಕ್ಕೂ ಹೇಳಬೇಕು ಅಂದುಕೊಂಡಿದ್ದ ವಿಷಯ. ಮೊದಲ ಉತ್ತರದಲ್ಲಿ ಪೆಟ್ರಜಾಲ್ಕಾ ಕಡೆಗೆ ಹೋಗಿ ದಾರಿ ತಪ್ಪಿದೆ.

2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ತಂಡದಲ್ಲಿ ಮೂರನೇ ವ್ಲಾದಿಮೀರ್ ವೈಸ್ ಕೂಡ ಇದ್ದ. ಕೋಚ್‌ನ ಮಗ, ಇಪ್ಪತ್ತು ವರ್ಷ, ಮ್ಯಾಂಚೆಸ್ಟರ್ ಸಿಟಿಯ ಹುಡುಗ, ವಿಂಗರ್. ನ್ಯೂಜಿಲೆಂಡ್ ವಿರುದ್ಧ ಮೊದಲ ಪಂದ್ಯದಲ್ಲಿ ಆಡಿದ. ಗೆಲ್ಲುವ ಪಂದ್ಯ ಅದು, ಇಂಜುರಿ ಟೈಮ್‌ನಲ್ಲಿ ಗೋಲು ತಿಂದು 1-1. ಪರಾಗ್ವೆ ವಿರುದ್ಧವೂ ಆಡಿದ. 2-0 ಸೋಲು. ಇಷ್ಟಾದ ಮೇಲೆ ಪತ್ರಿಕೆಯವರು ಬಿಡುತ್ತಾರಾ? ವೈಸ್‌ಗೂ ಪತ್ರಿಕೆಯವರಿಗೂ ಯಾವತ್ತೂ ಆಗಿಬರುವುದಿಲ್ಲ. ಮೂಗಿನ ತುದಿಯಲ್ಲೇ ಕೋಪ, ಮೈದಾನದಲ್ಲೂ ಅಷ್ಟೇ, ಪ್ರೆಸ್ ಮೀಟ್‌ನಲ್ಲೂ ಅಷ್ಟೇ. ಆ ವಾರ ದೇಶದ ಪತ್ರಕರ್ತರ ಜೊತೆ ಜಗಳಕ್ಕೇ ಬಿದ್ದರು. ಇದನ್ನು ನಾನು ಸಮರ್ಥಿಸುವುದಿಲ್ಲ, ಅಭಿಮಾನಿಯಾದ ಮಾತ್ರಕ್ಕೆ ಎಲ್ಲಕ್ಕೂ ತಲೆ ಆಡಿಸಬೇಕಿಲ್ಲ.

ಜೂನ್ 24, ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್. ಎದುರು ಹಾಲಿ ಚಾಂಪಿಯನ್ ಇಟಲಿ. ಹನ್ನೊಂದರ ಪಟ್ಟಿ ಬಂತು. ಅದರಲ್ಲಿ ಮಗನ ಹೆಸರಿಲ್ಲ. ಯುರಾಯ್ ಕುಟ್ಸ್ಕಾ ಇದ್ದಾನೆ, ಹಮ್ಶಿಕ್ ಇದ್ದಾನೆ, ಸ್ಟೋಖ್ ಇದ್ದಾನೆ. ಸಬ್ಸ್ಟಿಟ್ಯೂಟ್ ಆಗಿ ಕೂಡ ಮಗ ಇಳಿಯಲಿಲ್ಲ. ತೊಂಬತ್ತು ನಿಮಿಷವೂ ಬೆಂಚು.

ರೊಬರ್ಟ್ ವಿಟ್ಟೆಕ್ ಎರಡು ಹೊಡೆದ. 81ನೇ ನಿಮಿಷಕ್ಕೆ ಡಿ ನಟಾಲೆ ಒಂದು ತೀರಿಸಿದ. ಇಟಲಿ ಮೈಮೇಲೆ ಬೀಳುತ್ತಿದೆ. 87ನೇ ನಿಮಿಷಕ್ಕೆ ವೈಸ್ ಒಬ್ಬನನ್ನು ಇಳಿಸಿದರು. ಯಾರನ್ನು? ವಿದೇಶದ ದೊಡ್ಡ ಕ್ಲಬ್‌ನವನನ್ನಲ್ಲ. ಕಮಿಲ್ ಕೊಪುನೆಕ್, ಸ್ಪಾರ್ಟಾಕ್ ತ್ರ್ನಾವಾ ಕ್ಲಬ್‌ನವನು, ಅಂದರೆ ಇಲ್ಲಿನ ದೇಶಿ ಲೀಗ್‌ನಲ್ಲಿ ಆಡುವವನು. ಎರಡು ನಿಮಿಷ ಆಗಿರಲಿಲ್ಲ, ಒಂದು ಥ್ರೋ ಇನ್ ಬಂತು. ಕೊಪುನೆಕ್ ಇಟಲಿ ಡಿಫೆಂಡರ್‌ಗಳ ಹಿಂದೆ ನುಗ್ಗಿದ, ಗೋಲ್‌ಕೀಪರ್ ತಲೆ ಮೇಲಿಂದ ಎತ್ತಿ ಹಾಕಿದ. 3-1. ಕ್ವಾಲ್ಯರೆಲ್ಲಾ ಇನ್ನೊಂದು ಹೊಡೆದು 3-2 ಮಾಡಿದರೂ ಇಟಲಿ ಗ್ರೂಪಿನ ತಳದಲ್ಲಿ ಉಳಿಯಿತು. ಮುಂದಿನ ಸುತ್ತಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 2-1 ಸೋಲು. ಆ ಪಂದ್ಯಕ್ಕೆ ಮಗನನ್ನು ಮತ್ತೆ ಆಡಿಸಿದರು.

ಮಗನನ್ನು ಟೀಮ್‌ಗೆ ಹಾಕಿಕೊಂಡರು ಅಂತ ಎಲ್ಲರೂ ಆಡಿಕೊಂಡರು. ಬಿಟ್ಟದ್ದನ್ನು ಯಾರೂ ಎತ್ತಲಿಲ್ಲ. ತಂದೆಯೊಬ್ಬ ತನ್ನ ಜೀವಮಾನದ ದೊಡ್ಡ ದಿನದಂದು ಮಗನನ್ನು ಹತ್ತು ಹೆಜ್ಜೆ ದೂರದಲ್ಲಿ ಕೂರಿಸಿ, ಆ ದಿನ ಅವನ ಪಾಲಿಗೆ ಬರದ ಹಾಗೆ ಮಾಡಿದರು. ಆಮೇಲೆ ಊಟದ ಮೇಜಿನಲ್ಲಿ ಏನು ಮಾತಾಡಿಕೊಂಡರೋ. ನನಗೂ ಒಬ್ಬ ಮಗನಿದ್ದಾನೆ, ಹನ್ನೊಂದು ವರ್ಷ. ಇಲ್ಲಿನ ಮಕ್ಕಳ ತಂಡವೊಂದಕ್ಕೆ ನಾನು ಶನಿವಾರ ಸಹಾಯಕ ಕೋಚ್. ಒಮ್ಮೆ ಅವನನ್ನು ಎರಡನೇ ಅರ್ಧಕ್ಕೆ ಹೊರಗೆ ಕರೆದೆ. ಆ ವಾರವಿಡೀ ನನ್ನ ಜೊತೆ ಮಾತು ಬಿಟ್ಟ. ಅದಾದ ಮೇಲೆ ಎಲ್ಲಿಸ್ ಪಾರ್ಕ್ ಬೆಂಚಿನ ಮೇಲಿದ್ದ ಆ ಹುಡುಗನ ಬಗ್ಗೆ ನಾನು ಜಾಸ್ತಿ ಯೋಚಿಸಲು ಶುರು ಮಾಡಿದ್ದು.

ಬೆಂಚ್ ಮೇಲಿನವನು ಬರೆದದ್ದು:

ಅಯ್ಯೋ, ನನ್ನ ಹೆಸರು ಈಗ ಬೇರೆ ಥರ ಕೇಳಿಸುತ್ತಿದೆ. ಮಗ ಅಪ್ಪನ ಮೇಲೆ ಮುನಿಸಿಕೊಂಡು ದೂರ ಆದನಾ? ಮತ್ತೆ ಕೈರಾತ್ ವಿಷಯ ಮುಂದೆ ಬರುತ್ತದೆ ಅಂದಿರಿ, ಬರಲೇ ಇಲ್ಲ.

ಸೇತುವೆ ಆಚೆಯವ ಬರೆದದ್ದು:

ದೂರ ಆಗಿದ್ದರೆ ಇಷ್ಟು ವರ್ಷ ಆದಮೇಲೆ ಅಪ್ಪನ ಸ್ಲೋವಾನ್‌ನಲ್ಲೇ ಆಡುತ್ತಿರಲಿಲ್ಲ. ಮ್ಯಾಂಚೆಸ್ಟರ್, ಗ್ಲಾಸ್ಗೋ, ಅಥೆನ್ಸ್ ಹತ್ತಿರದ ಒಲಿಂಪಿಯಾಕೋಸ್, ಕತಾರ್, ಎಲ್ಲ ಸುತ್ತಿ ಕೊನೆಗೆ ಬ್ರಾಟಿಸ್ಲಾವಾಕ್ಕೆ ವಾಪಸ್ ಬಂದ. 2024ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಇಲ್ಲಿಗೆ ಬಂದು 4-0 ಹೊಡೆದು ಹೋಯಿತಲ್ಲ, ಅವನು ಹುಡುಗನಾಗಿ ಬೆಳೆದ ಕ್ಲಬ್ ಅದು.

ಕೈರಾತ್ ಮರೆತೇ ಹೋಗಿತ್ತು, ನೆನಪಿಸಿದ್ದಕ್ಕೆ ಥ್ಯಾಂಕ್ಸ್. 2005ರಲ್ಲಿ ಯಾರ ಎದುರು ಹೇಗೋ ಬಚಾವಾದರೋ, ಅದೇ ಕೈರಾತ್‌ಗೆ ವೈಸ್ 2012ರಲ್ಲಿ ಕೋಚ್ ಆಗಿ ಹೋದರು. 2014ರಲ್ಲಿ ಅವರಿಗೆ ಕಜಕಸ್ತಾನ್ ಕಪ್ ಗೆದ್ದುಕೊಟ್ಟರು. 2025ರ ಬೇಸಿಗೆಯಲ್ಲಿ ಸ್ಲೋವಾನ್ ಮತ್ತೆ ಚಾಂಪಿಯನ್ಸ್ ಲೀಗ್ ಕ್ವಾಲಿಫೈಯರ್ ಆಡುವಾಗ ಎದುರು ಬಂದದ್ದು ಯಾರು? ಕೈರಾತ್. ಅಲ್ಲಿ 1-0 ಸೋಲು, ಇಲ್ಲಿ 1-0 ಗೆಲುವು, ಪೆನಾಲ್ಟಿಯಲ್ಲಿ ಸ್ಲೋವಾನ್ ಹೊರಗೆ. ಆ ಕೈರಾತ್ ಮುಂದಿನ ಸುತ್ತಿನಲ್ಲಿ ಸೆಲ್ಟಿಕ್ ಅನ್ನೂ ಪೆನಾಲ್ಟಿಯಲ್ಲೇ ಮನೆಗೆ ಕಳಿಸಿತು. ಸೆಲ್ಟಿಕ್ ಲೆಕ್ಕವೂ ಅಷ್ಟೇ ವಿಚಿತ್ರ. 2005ರಲ್ಲಿ ವೈಸ್ ತಂಡ 5-0 ಗೆದ್ದಿತ್ತಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ 5-1 ಸೋತರು. ಸೆಲ್ಟಿಕ್‌ನವರು ಹತ್ತೊಂಬತ್ತು ವರ್ಷ ಕಾದು ವಾಪಸ್ ಕೊಟ್ಟರು.

ನಡುವೆ 2016ರಲ್ಲಿ ಜಾರ್ಜಿಯಾ ರಾಷ್ಟ್ರೀಯ ತಂಡದ ಕೋಚ್ ಆದರು. ಹೋದ ಕೆಲವೇ ತಿಂಗಳಿಗೆ ಸ್ಪೇನ್ ಅನ್ನು ಅವರ ನೆಲದಲ್ಲೇ 1-0 ಸೋಲಿಸಿದರು. ಸ್ನೇಹದ ಪಂದ್ಯ, ಆದರೂ ಸ್ಪೇನ್ ಸ್ಪೇನೇ. ವೈಸ್ ಅವರಲ್ಲಿ ಒಂದು ಅಭ್ಯಾಸವೂ ಕಾಣಿಸುತ್ತದೆ. ನಂಬಿದವರನ್ನು ಕೈ ಬಿಡುವುದಿಲ್ಲ. ಆರ್ಟ್‌ಮೀಡಿಯಾದಿಂದ ರಷ್ಯಾದ ಸತುರ್ನ್‌ಗೆ ಹೋದಾಗ ಡಿಫೆಂಡರ್ ಯಾನ್ ದ್ಯುರಿತ್ಸಾ ಕೂಡ ಅಲ್ಲಿದ್ದ, ಆಮೇಲೆ ವಿಶ್ವಕಪ್‌ನಲ್ಲೂ ಇದ್ದ. ಜಾರ್ಜಿಯಾದಲ್ಲಿ ಅವರ ಕೈಕೆಳಗೆ ಆಡಿದ್ದ ಗುರಾಮ್ ಕಾಶಿಯಾ 2021ರಲ್ಲಿ ಸ್ಲೋವಾನ್‌ಗೆ ಬಂದ. ಅದೇ ಕಾಶಿಯಾ 2024ರ ಯೂರೋದಲ್ಲಿ ಜಾರ್ಜಿಯಾ ಕ್ಯಾಪ್ಟನ್.

ಆಫ್‌ಸೈಡ್ ಬಾವುಟ ಬರೆದದ್ದು:

ಬಾವುಟ ಇಳಿಸಿದೆ. ಅರ್ಮೇನಿಯಾ ಮಾತ್ರ ಬಿಟ್ಟುಕೊಡುವುದಿಲ್ಲ.

ಬೆಂಚ್ ಮೇಲಿನವನು ಬರೆದದ್ದು:

ಕೊನೆಯ ಪ್ರಶ್ನೆ. ಆ ಮಿಲಾನ್ ಪಂದ್ಯಕ್ಕೆ ನೀವು ಹೋಗಿದ್ದಿರಾ? ಟಿವಿಯಲ್ಲಿ ಕೊನೆಯ ಹತ್ತು ನಿಮಿಷ ಸದ್ದು ಬೇರೆಯೇ ಇತ್ತು.

ಸೇತುವೆ ಆಚೆಯವ ಬರೆದದ್ದು:

ಹೋಗಿದ್ದೆ, ಮಗನ ಜೊತೆ. ಸೇತುವೆ ದಾಟಿ ಹೊಸ ತೆಹೆಲ್ನೆ ಪೋಲೆಗೆ. ಹಳೆಯದನ್ನು ಕೆಡವಿ, ಅದೇ ಜಾಗದಲ್ಲಿ ಕಟ್ಟಿ 2019ರಲ್ಲಿ ತೆರೆದದ್ದು ಇದು. ವಿಪರೀತ ಚಳಿ. ನಾನು ಎರಡು ಜೊತೆ ಕಾಲುಚೀಲ ಹಾಕಿದ್ದೆ, ಆದರೂ ಹಾಫ್ ಟೈಮ್‌ಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಪುಲಿಸಿಕ್ ಗೋಲು ಹೊಡೆದಾಗ ಯಾರಿಗೂ ಆಶ್ಚರ್ಯ ಆಗಲಿಲ್ಲ. ಮೂರೇ ನಿಮಿಷಕ್ಕೆ ಬಾರ್ಸೆಗ್ಯಾನ್ ಚೆಂಡು ಹಿಡಿದು ಒಬ್ಬನೇ ಅಷ್ಟು ದೂರ ಓಡಿ ಸಮ ಮಾಡಿದನಲ್ಲ, ಆಗ ನನ್ನ ಪಕ್ಕದ ಅಜ್ಜ ಟೀ ಲೋಟ ಕೈಬಿಟ್ಟರು, ನನ್ನ ಬೂಟಿನ ಮೇಲೆ. ಆ ಒಂದು ನಿಮಿಷ ಕಾಲು ಬೆಚ್ಚಗಾಯಿತು. ಬಾರ್ಸೆಗ್ಯಾನ್ ಯಾವ ದೇಶದವನು ಗೊತ್ತಲ್ಲ? ಅರ್ಮೇನಿಯಾ. ಬಾವುಟ ಸಾಹೇಬರು ಗಮನಿಸಬೇಕು.

ಆಮೇಲೆ ಲಿಯಾವೊ, ಅಬ್ರಹಾಂ, 3-1. ಜನ ಏಳತೊಡಗಿದರು. 88ನೇ ನಿಮಿಷಕ್ಕೆ ಮಾರ್ಚೆಲ್ಲಿ ದೂರದಿಂದ ಹೊಡೆದ ಆ ಗೋಲು. ನೀವು ಕೇಳಿದ ಸದ್ದು ಅದೇ. ಮೆಟ್ಟಿಲು ಇಳಿಯುತ್ತಿದ್ದವರು ನಿಂತಲ್ಲೇ ತಿರುಗಿದರು. ನಾನು ಮೈದಾನ ನೋಡಲಿಲ್ಲ, ವೈಸ್ ಅವರನ್ನು ನೋಡಿದೆ. ಕೈ ಎತ್ತಿ ಕುಣಿಯಲಿಲ್ಲ. ಬೇಗ ಚೆಂಡು ತಂದಿಡಿ ಅಂತ ನಡು ಮೈದಾನದ ಕಡೆ ಕೈ ಬೀಸುತ್ತಿದ್ದರು, ಕೂಗುತ್ತಿದ್ದರು. ಇನ್ನೂ ಎರಡು ನಿಮಿಷ ಇತ್ತಲ್ಲ.

ಬಸ್‌ನಲ್ಲಿ ವಾಪಸ್ ಬರುವಾಗ ಮಗ ಕೇಳಿದ: 'ಅಪ್ಪ, ಇಷ್ಟು ಸೋತರೂ ಅವರನ್ನು ತೆಗೆಯಲ್ವಾ?' ಇಲ್ಲ ಅಂದೆ. 'ಹಾಗಾದರೆ ಮುಂದಿನ ಶನಿವಾರ ನನ್ನನ್ನೂ ಹೊರಗೆ ಕರೀಬೇಡ' ಅಂದ.